ಸತ್ತವಳು ಹಾಕಿದ ಕೊಂಡಿ

ನಾನು ಸತ್ತು ಎರಡು ವರ್ಷವಾಯಿತೆಂದು ನನ್ನ ಅತ್ತಿಗೆ ಹೆಣ್ಣು ನೋಡಲು ಬಂದವರ ಮುಂದೆ ಹೇಳಿದಾಗ, ನಾನು ಪಕ್ಕದ ಕೋಣೆಯಲ್ಲಿ ಜೋಳದ ಚೀಲಕ್ಕೆ ಒರಗಿ ಕೂತಿದ್ದೆ. ನಡುವೆ ಒಂದು ಬಾಗಿಲಿತ್ತು. ಗಡಿಬಿಡಿಯಲ್ಲಿ ಅದಕ್ಕೆ ಹೊರಗಿನಿಂದ ಚಿಲಕ ಹಾಕುವುದನ್ನು ಆಕೆ ಮರೆತಿದ್ದಳು. ಹಾಕಿದ್ದರೆ ಆಕೆಗೇ ಒಳ್ಳೆಯದಾಗುತ್ತಿತ್ತು.

ನನಗೆ ತೊನ್ನು. ಇಪ್ಪತ್ತೊಂದರ ವಯಸ್ಸಿನಲ್ಲಿ ಬಲಗೈ ಬೆರಳಿನ ಸಂದಿಯಲ್ಲಿ ಅಕ್ಕಿಕಾಳಿನಷ್ಟು ಬಿಳಿ ಕಾಣಿಸಿತು. ಎರಡು ವರ್ಷದೊಳಗೆ ಎರಡೂ ಕೈ, ಕತ್ತು, ಬಾಯಿಯ ಸುತ್ತ ಹಬ್ಬಿತು. ಗೊತ್ತಾಗಿದ್ದ ನನ್ನ ಮದುವೆ ಮುರಿಯಿತು. ಅಣ್ಣ ನನ್ನನ್ನು ಬಾಗಲಕೋಟೆಯ ಚರ್ಮದ ಡಾಕ್ಟರ ಹತ್ತಿರ ಕರೆದೊಯ್ದ, ಅತ್ತಿಗೆಯೂ ಜೊತೆಗೆ ಬಂದಳು. ಇದು ಅಂಟುವ ರೋಗವಲ್ಲ, ಮುಟ್ಟಿದರೆ ಬರುವುದಿಲ್ಲ, ಒಂದೇ ತಾಟಿನಲ್ಲಿ ಉಂಡರೂ ಬರುವುದಿಲ್ಲ ಎಂದು ಡಾಕ್ಟರು ಬಿಡಿಸಿ ಹೇಳಿದರು. "ಖರೆ ಐತ್ರಿ ಸಾಹೇಬ್ರ," ಎಂದು ಅತ್ತಿಗೆ ತಲೆಯಾಡಿಸಿದಳು. ಹುನಗುಂದಕ್ಕೆ ಬಂದು ಇಳಿದವಳೇ ನನ್ನ ತಾಟು, ಲೋಟ ಎತ್ತಿ ಬೇರೆ ಗೂಡಿನಲ್ಲಿಟ್ಟಳು. ಗೊತ್ತಿಲ್ಲದೆ ಹೆದರುವವರನ್ನು ಹೇಗೋ ಸಹಿಸಬಹುದು. ಎಲ್ಲ ಗೊತ್ತಿದ್ದೂ ಹೆದರುವವರ ಮೇಲೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಹಾಗೆಂದು ನಾನೇನು ದೊಡ್ಡ ಸಾಧ್ವಿಯಲ್ಲ. ಶಾಲೆಯಲ್ಲಿ ನಮ್ಮ ಜೊತೆ ಸೀಳುತುಟಿಯ ಹುಡುಗಿಯೊಬ್ಬಳಿದ್ದಳು. ಅವಳು ಬಾಯಿ ಹಚ್ಚಿದ ನಲ್ಲಿಯಲ್ಲಿ ನಾನು ನೀರು ಕುಡಿಯುತ್ತಿರಲಿಲ್ಲ. ನಮ್ಮ ಹಾಗಿಲ್ಲದ ಮೈಯನ್ನು ಕಂಡರೆ ನಮ್ಮ ಮೈಗೂ ಏನೋ ಆದೀತು ಎಂಬ ಪುಕ್ಕಲುತನ, ಅಷ್ಟೇ. ಅವಳು ಈಗ ಎಲ್ಲಿದ್ದಾಳೋ ಗೊತ್ತಿಲ್ಲ. ನನ್ನನ್ನು ಕ್ಷಮಿಸಿರಲಿಕ್ಕಿಲ್ಲ. ಕ್ಷಮಿಸಬೇಕಾದ ಅಗತ್ಯವೂ ಅವಳಿಗಿಲ್ಲ.

ನಮ್ಮದು ಇಳಕಲ್ ಸೀರೆ ನೇಯುವ ಮನೆ. ಈ ಸೀರೆಯಲ್ಲಿ ಒಡಲಿನ ನೂಲಿನ ಹಾಸು, ಅಂದರೆ ಉದ್ದದ ಎಳೆಗಳು, ಬೇರೆ, ಸೆರಗಿನ ಕೆಂಪು ರೇಷ್ಮೆಯ ಹಾಸು ಬೇರೆ. ನೇಯುವ ಮೊದಲು ಒಂದರ ಎಳೆಯನ್ನು ಇನ್ನೊಂದರ ಕುಣಿಕೆಗೆ ಸಿಕ್ಕಿಸುತ್ತಾ, ಒಂದೂ ಬಿಡದ ಹಾಗೆ ಎರಡನ್ನೂ ಕೂಡಿಸಬೇಕು. ಇದಕ್ಕೆ ಕೊಂಡಿ ಹಾಕುವುದು ಎನ್ನುತ್ತೇವೆ. ಮನೆಯ ಹೆಂಗಸರು ಕೂತು ಮಾಡುವ ಕೆಲಸ. ನಮ್ಮ ಮನೆಯಲ್ಲಿ ಅದು ಪೂರ್ತಿ ನನ್ನ ಪಾಲಿಗೇ ಬಂತು, ಏಕೆಂದರೆ ಹೊರಗೆ ಕಾಣಿಸಿಕೊಳ್ಳದೆ ಮಾಡಬಹುದಾದ ಕೆಲಸ ಅದೊಂದೇ. ನನ್ನ ಲೋಟ ಮುಟ್ಟದ ಅತ್ತಿಗೆ, ನನ್ನ ಬೆರಳು ಆಡಿದ ಹಾಸನ್ನು ಮಾತ್ರ ಎದೆಗವಚಿಕೊಂಡು ಮಗ್ಗದ ಕೋಣೆಗೆ ಒಯ್ಯುತ್ತಿದ್ದಳು.

ಅಣ್ಣನಿಗೆ ಒಬ್ಬಳೇ ಮಗಳು. ಅವಳಿಗೆ ಗಂಡು ನೋಡಲು ಶುರು ಮಾಡಿದ ಮೇಲೆ ನಾನು ಮನೆಯ ಗುಟ್ಟಾದೆ. ಸೋದರತ್ತೆಗೆ ತೊನ್ನಿದೆ ಎಂದರೆ ಹುಡುಗಿಗೂ ಬರುತ್ತದೆ, ಹುಟ್ಟುವ ಮಕ್ಕಳಿಗೂ ಬರುತ್ತದೆ ಎಂದು ಬೀಗರು ಬೆನ್ನು ತಿರುಗಿಸುತ್ತಾರೆ. ಹಾಗಾಗಿ ಯಾರಾದರೂ ಬರುವ ದಿನ ನನ್ನನ್ನು ಬಾದಾಮಿಯ ಚಿಕ್ಕವ್ವನ ಮನೆಗೆ ಅಟ್ಟುತ್ತಿದ್ದರು. "ಚಿಗವ್ವಗ ಆರಾಮಿಲ್ಲಂತ, ಮಾತಾಡ್ಸಿ ಬಾ. ಬರುವಾಗ ಅಮೀನಗಡದಾಗ ಇಳದು ಕರದಂಟು ತೊಗೊಂಡು ಬಾ," ಎನ್ನುತ್ತಿದ್ದಳು ಅತ್ತಿಗೆ. ಚಿಕ್ಕವ್ವ ಗುಂಡುಕಲ್ಲಿನ ಹಾಗಿದ್ದಳು. ಆದರೂ ನಾನು ಹೋಗುತ್ತಿದ್ದೆ, ಕರದಂಟನ್ನೂ ತರುತ್ತಿದ್ದೆ. ಅದನ್ನು ನೆನೆಸಿಕೊಂಡರೆ ನನಗೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಆ ದಿನ ಇಳಕಲ್ಲಿನ ಬೀಗರು ಹೇಳಿದ ಹೊತ್ತಿಗಿಂತ ಮೊದಲೇ ಕಾರಿನಲ್ಲಿ ಬಂದುಬಿಟ್ಟರು. ನಾನಿನ್ನೂ ಚೀಲಕ್ಕೆ ಸೀರೆ ತುಂಬುತ್ತಿದ್ದೆ. ಅತ್ತಿಗೆ ನನ್ನ ಭುಜಕ್ಕೆ ಟವೆಲ್ಲು ಒತ್ತಿ, ಟವೆಲ್ಲಿನ ಮೇಲೆ ಕೈಯಿಟ್ಟು, ಕಾಳಿನ ಕೋಣೆಗೆ ತಳ್ಳಿದಳು. ತಳ್ಳುವುದಕ್ಕೂ ಆಕೆಗೆ ನಡುವೆ ಬಟ್ಟೆ ಬೇಕಿತ್ತು.

ಹುಡುಗನ ತಾಯಿಯೂ ನೇಕಾರರ ಮನೆಯವಳೇ. ನೇಕಾರರ ಹೆಂಗಸರು ಹುಡುಗಿಯ ಮುಖಕ್ಕಿಂತ ಮೊದಲು ಸೀರೆ ನೋಡುತ್ತಾರೆ. ಹುಡುಗಿ ಉಟ್ಟದ್ದು ಹೊಸ ಸೀರೆ ಎಂದು ಆಕೆ ಹೊಗಳಿದಳು. "ಹೋದ ವಾರ ಮಗ್ಗದಿಂದ ಇಳಿಸೇವ್ರಿ," ಎಂದು ಅತ್ತಿಗೆ ಉಬ್ಬಿದಳು. ಆಮೇಲೆ ಆ ತಾಯಿ ಹುಡುಗಿಯ ಸೆರಗು ಎಳೆದುಕೊಂಡು, ಒಡಲು ಸೆರಗು ಕೂಡುವ ಜಾಗವನ್ನು ತಿರುಗಿಸಿ ನೋಡಿರಬೇಕು.

"ಯಾರ ಕೈದರಿ ಈ ಕೊಂಡಿ? ಗಂಟ ಕಾಣವಲ್ಲದು."

"ನಮ್ಮ ನಾದಿನಿ ಹಾಕ್ಯಾಳ್ರಿ," ಎಂದಳು ಅತ್ತಿಗೆ. ಹೆಮ್ಮೆಯಲ್ಲಿ ಬಾಯಿ ಜಾರಿತ್ತು.

"ಕರೀರಲಾ, ಮಾತಾಡ್ಸೂಣು."

"ಆಕಿ ತೀರಿಕೊಂಡ್ಳರಿ."

"ಅಯ್ಯ! ಯಾವಾಗರಿ?"

"ಎರಡು ವರ್ಷ ಆತ್ರಿ."

ನೇಕಾರರ ಸೊಸೆಯಾಗಿ ಇಪ್ಪತ್ತೈದು ವರ್ಷ ಬಾಳಿದವಳು, ಇನ್ನೊಬ್ಬ ನೇಕಾರಗಿತ್ತಿಯ ಮುಂದೆ ಆಡಬಾರದ ಸುಳ್ಳನ್ನೇ ಹುಡುಕಿ ಆಡಿದ್ದಳು. ಕೊಂಡಿ ಹಾಕಿದ ಕೆಲವೇ ದಿನಕ್ಕೆ ತಾನೆ ಸೀರೆ ಇಳಿಯುವುದು? ಆ ಕಡೆಯಿಂದ ನಿಧಾನವಾಗಿ ಪ್ರಶ್ನೆ ಬಂತು.

"ಮತ್ತ ಸೀರಿ ಹೋದ ವಾರ ಇಳೀತಂದ್ರಿ?"

ನನಗೆ ಅಳು ಬರಬೇಕಿತ್ತು. ಬರಲಿಲ್ಲ. ನಗು ಬಂತು. ಅತ್ತಿಗೆ ನನಗೆಂದೇ ಹೊಲಿಸಿದ ಉದ್ದ ತೋಳಿನ ಕುಪ್ಪಸವನ್ನು ಮೊಣಕೈ ದಾಟುವಂತೆ ಮಡಚಿದೆ. ಬಾಗಿಲು ತೆರೆದು ನಡುಮನೆಗೆ ಬಂದೆ.

"ಸತ್ತಾಕಿ ನಾನ್ರಿ," ಎಂದೆ. "ಕೊಂಡಿ ಹಾಕಾಕ ಎದ್ದು ಬಂದಿದ್ದೆ."

ಅಣ್ಣನ ಮಗಳು ಚಹಾದ ತಟ್ಟೆ ಹಿಡಿದು ನಿಂತಿದ್ದಳು. ಅದನ್ನು ಅವಳ ಕೈಯಿಂದ ಇಸಿದುಕೊಂಡು ನಾನೇ ಒಬ್ಬೊಬ್ಬರ ಮುಂದೆ ಹಿಡಿದೆ. ಹುಡುಗನ ತಂದೆ "ಪಿತ್ತ ಆಗೇತ್ರಿ, ಚಾ ಒಲ್ಲೆ" ಎಂದ. ಹುಡುಗನಿಗೂ ಪಿತ್ತವಾಯಿತು, ಅವನ ಕಾಕಾನಿಗೂ ಆಯಿತು. ತಾಯಿ ಮಾತ್ರ ನನ್ನ ಬೆರಳುಗಳನ್ನೇ ನೋಡುತ್ತಿದ್ದಳು. ಒಂದು ಗಳಿಗೆ ಆಕೆ ಕಪ್ಪು ಎತ್ತಿಕೊಳ್ಳುತ್ತಾಳೆ ಅನಿಸಿತು. ಎತ್ತಿಕೊಳ್ಳಲಿಲ್ಲ. ಹಿಡಿದಿದ್ದ ಸೆರಗನ್ನು ಬಿಟ್ಟು, ಅಂಗೈಯನ್ನು ತನ್ನ ಸೀರೆಗೆ ಒರೆಸಿಕೊಂಡಳು.

ಕಾರು ಹೋದ ಮೇಲೆ ಅತ್ತಿಗೆ ಎದೆ ಬಡಿದುಕೊಂಡು ಅತ್ತಳು. "ಈಗ ನಿನ್ನ ಹೊಟ್ಟಿ ತಣ್ಣಗಾತೇನು?" ಎಂದು ಅಣ್ಣ ಕೇಳಿದ.

"ಆತು," ಎಂದೆ. ಖರೆಯಾಗಿಯೂ ಆಗಿತ್ತು. ಅವತ್ತು ನಾಲ್ಕು ರೊಟ್ಟಿ ಉಂಡೆ.

ಆಮೇಲೆ ನಾನು ಬಾದಾಮಿಗೆ ಹೋಗುವುದನ್ನು ಬಿಟ್ಟೆ. ಯಾರು ಬರುವುದಿದ್ದರೂ ಮೊದಲೇ ಬಾಗಿಲ ಮುಂದಿನ ಕಟ್ಟೆಯ ಮೇಲೆ ತೋಳು ಮಡಚಿ ಕೂರುತ್ತಿದ್ದೆ. "ಬರ್ರಿ, ನಾ ಹುಡುಗಿ ಸೋದರತ್ತಿ," ಎಂದು ಬಾಯ್ತುಂಬ ಕರೆಯುತ್ತಿದ್ದೆ. ಮೂರು ಕಡೆಯವರು ಬಂದರು, ಮೂವರಿಗೂ ಚಹಾ ಇಳಿಯಲಿಲ್ಲ. ಪ್ರತಿ ಸಲವೂ ನಾನು ಅತ್ತಿಗೆಯ ಮುಖ ನೋಡುತ್ತಿದ್ದೆ. ಪಕ್ಕದಲ್ಲಿದ್ದ ಹುಡುಗಿಯ ಮುಖವನ್ನು ನೋಡುತ್ತಿರಲಿಲ್ಲ. ನೋಡಿದ್ದರೆ ನನ್ನ ಸೇಡು ಯಾರ ತಲೆಯ ಮೇಲೆ ಬೀಳುತ್ತಿದೆ ಎಂದು ಒಪ್ಪಿಕೊಳ್ಳಬೇಕಾಗುತ್ತಿತ್ತು.

ಕಳೆದ ತಿಂಗಳು ಅವಳೇ ನನ್ನ ಹತ್ತಿರ ಬಂದು ಕೂತಳು. ಬಾದಾಮಿಯ ಕಾಲೇಜಿನಲ್ಲಿ ಜೊತೆಗೆ ಓದಿದ ಹುಡುಗನಂತೆ, ಈಗ ಬಾಗಲಕೋಟೆಯಲ್ಲಿ ನೌಕರಿಯಲ್ಲಿದ್ದಾನಂತೆ. ಅವನಿಗೆ ಎಲ್ಲ ಹೇಳಿದ್ದಾಳಂತೆ, ಅವನಿಗೇನೂ ತಕರಾರಿಲ್ಲವಂತೆ. ಅವನ ಮನೆಯವರಿಗೆ ಮಾತ್ರ ಹೇಳಿಲ್ಲವಂತೆ.

"ಅತ್ತಿ, ಈ ಹುಡುಗ ನನಗ ಬೇಕು," ಎಂದಳು. ಆಮೇಲೆ ನೆಲ ನೋಡುತ್ತಾ, "ಐತವಾರ ಅವರ ಮಂದಿ ಬರ್ತಾರ. ನೀ ಬಾದಾಮಿಗೆ ಹೋಗಿ ಬಾ," ಎಂದಳು.

ಆ ಮಾತನ್ನು ಅತ್ತಿಗೆ ಎಷ್ಟೋ ಸಲ ಆಡಿದ್ದಳು. ಇವಳ ಬಾಯಲ್ಲಿ ಅದು ಬರುತ್ತದೆ ಎಂದು ನಾನು ಎಂದೂ ಎಣಿಸಿರಲಿಲ್ಲ. ಇವಳು ಹುಟ್ಟಿದ ಹದಿಮೂರನೇ ದಿನ ತೊಟ್ಟಿಲಿಗೆ ಬಗ್ಗಿ, ಕಿವಿಯಲ್ಲಿ ಹೆಸರು ಹೇಳಿದವಳು ನಾನು. ಸೋದರತ್ತೆ ಹೆಸರಿಡುವಾಗ ಸುತ್ತ ನಿಂತ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದಿ ನಗುವುದು ನಮ್ಮಲ್ಲಿ ಪದ್ಧತಿ. ಅವತ್ತು ನನ್ನ ಬೆನ್ನು ಕೆಂಪಾಗುವಷ್ಟು ಗುದ್ದಿದ್ದರು. ಮರುವರ್ಷ ಮೈ ಬೆಳ್ಳಗಾಗತೊಡಗಿತು. ಅಷ್ಟು ಕೈಗಳು ನನ್ನನ್ನು ಮುಟ್ಟಿದ್ದು ಅದೇ ಕೊನೆ.

ನಾನು ಹೋದೆ. ಬಸ್ಸಿನವರೆಗೆ ಚೀಲ ಹಿಡಿಯುತ್ತೇನೆಂದು ಅವಳು ಬಂದಳು, ನಾನು ಕಸಿದುಕೊಂಡೆ. ಐತವಾರ ಮಾತುಕತೆ ಮುಗಿದು ಲಗ್ನ ಗೊತ್ತಾಯಿತು. ಮನೆಯಲ್ಲಿ ಎಲ್ಲರೂ ಸಕ್ಕರೆ ಹಂಚಿದರು. ನನ್ನ ಪಾಲಿನದನ್ನು ನನ್ನ ಗೂಡಿನಲ್ಲಿ ಇಟ್ಟಿದ್ದರು.

ಮೊನ್ನೆ ಅವಳು ಧಾರೆಯ ಸೀರೆಯ ಎರಡೂ ಹಾಸುಗಳನ್ನು ತಂದು ನನ್ನ ಮುಂದೆ ಇಟ್ಟಳು. "ಕೊಂಡಿ ನಿನ್ನ ಕೈಯಿಂದನ ಆಗಬೇಕು ಅತ್ತಿ. ಬ್ಯಾರೆ ಯಾರಿಗೂ ಕೊಡೂದಿಲ್ಲ," ಎಂದಳು. ಪ್ರೀತಿಯಿಂದಲೇ ಅಂದಳು. ಅದರಲ್ಲಿ ನನಗೆ ಅನುಮಾನವಿಲ್ಲ.

"ಹಾಕ್ತೇನಿ," ಎಂದೆ. "ಲಗ್ನದ ದಿನ ನಾ ಎಲ್ಲಿ ನಿಂದರ್ಲಿ? ಅದೊಂದು ಹೇಳು."

ಅವಳು ಎದ್ದು ಹೋದಳು.

ಒಡಲಿನ ಹಸಿರು ಹಾಸು ಒಂದು ಕಡೆ ಬಿದ್ದಿದೆ, ಸೆರಗಿನ ಕೆಂಪು ಇನ್ನೊಂದು ಕಡೆ. ಎರಡೂ ಕೂಡದೆ ಮಗ್ಗ ಏಳುವುದಿಲ್ಲ, ಲಗ್ನಕ್ಕೆ ಇನ್ನು ಹೆಚ್ಚು ದಿನವಿಲ್ಲ. ಅಣ್ಣ ಬಂದು ಬೇಡಿಕೊಂಡ. ಅತ್ತಿಗೆ ಈ ಬೆಳಿಗ್ಗೆ ಬಂದು, ಟವೆಲ್ಲು ಇಲ್ಲದೆ, ನನ್ನ ಕೈ ಹಿಡಿದುಕೊಂಡಳು. ನಾನು ಬಿಡಿಸಿಕೊಂಡೆ. ನನಗೆ ಬೇಕಾದದ್ದು ಆ ಹುಡುಗಿಯ ಬಾಯಿಂದ ಒಂದು ಮಾತು; ಅದು ಬರುವವರೆಗೆ ಎಳೆ ಮುಟ್ಟುವುದಿಲ್ಲ.

ಈಗ ಅವಳು ಬಂದು ಬಾಗಿಲಲ್ಲಿ ನಿಂತಿದ್ದಾಳೆ. ಏನೂ ಹೇಳುತ್ತಿಲ್ಲ. ನಿಂತಿರಲಿ.