ಅವ್ವನ ಪಾಲಿನ ದೋಸೆ

ಹೋಟೆಲಿನಲ್ಲಿ ಮಾಣಿ ಮೇಜು ಒರೆಸುತ್ತ ಒಂದೇ ಉಸಿರಿಗೆ ತಿಂಡಿಗಳ ಹೆಸರು ಹೇಳುತ್ತಾನಲ್ಲ, ಆ ದನಿ ಕೇಳಿದರೆ ಸಾಕು, ನನ್ನ ಹಸಿವು ಅಲ್ಲೇ ಇಂಗಿಹೋಗುತ್ತದೆ. ಕಮಲಾಪುರದ ನಮ್ಮ ಮಣ್ಣಿನ ಮಾಳಿಗೆಯ ಮನೆ ಕಣ್ಣಿಗೆ ಕಟ್ಟುತ್ತದೆ. ಒಲೆಯ ಮುಂದೆ ರೊಟ್ಟಿ ಬಡಿಯುವ ಅವ್ವ, ಅವಳ ಮಗ್ಗುಲಲ್ಲಿ ಕೂತ ನಾನು, ಕಣ್ಣುರಿಸುವ ಹೊಗೆ, ಹಂಚಿನ ಮೇಲೆ ಕಮರುವ ಜೋಳದ ವಾಸನೆ. ಅವ್ವ ಹೋಟೆಲಿನ ಒಳಗೆ ಕಾಲಿಟ್ಟವಳಲ್ಲ. ಆದರೆ ಹೊಸಪೇಟೆಯ ಹೋಟೆಲಿನಲ್ಲಿ ಏನೇನು ಸಿಗುತ್ತದೆಂದು ಅವಳಿಗೆ ನನ್ನಷ್ಟೇ ಚೆನ್ನಾಗಿ ಗೊತ್ತಿತ್ತು. ಈಗ ಆ ಮನೆಯ ಜಾಗದಲ್ಲಿ ಯಾರದೋ ಗೊಬ್ಬರದ ಗೋದಾಮು ನಿಂತಿದೆ.

ಅದು ಮದ್ರಾಸು ಸರ್ಕಾರದ ಕಾಲ. ಅಪ್ಪನದು ಬೆಲ್ಲದ ವ್ಯಾಪಾರ. ಗಾಡಿ ಹೊಸಪೇಟೆಗೆ ಹೊರಟಿತೆಂದರೆ ನಾನು ಬೆಲ್ಲದ ಮೇಲೆ ಹತ್ತಿ ಕೂತುಬಿಡುತ್ತಿದ್ದೆ. ಬೆಲ್ಲ ಇಳಿಸಿದ ಮೇಲೆ ಅಪ್ಪ ನನ್ನನ್ನು ಸ್ಟೇಷನ್ ರಸ್ತೆಯ ಹೋಟೆಲಿಗೆ ಕರೆದೊಯ್ಯುತ್ತಿದ್ದ. ಸಣ್ಣ ಹುಡುಗಿಯಾದ್ದರಿಂದ ನನ್ನನ್ನು ಯಾರೂ ಏನೂ ಅನ್ನುತ್ತಿರಲಿಲ್ಲ; ದೊಡ್ಡ ಹೆಂಗಸರು ಮಾತ್ರ ಅಲ್ಲಿಗೆ ಕಾಲಿಡುತ್ತಿರಲಿಲ್ಲ. ಮನೆಗೆ ಬಂದ ಕೂಡಲೇ ಅವ್ವ, "ಈಗ ಹೇಳವ್ವ, ಮಾಣಿ ಏನಂದ?" ಎನ್ನುವಳು. ನಾನು ಹೆಗಲ ಮೇಲೆ ಒರಸು ಬಟ್ಟೆ ಹಾಕಿಕೊಂಡು, "ಇಡ್ಲಿ ವಡಿ ಉಪ್ಪಿಟ್ಟು ಶಿರಾ ಮಂಡಕ್ಕಿ ಮಿರ್ಚಿ ಸಾದಾ ದೋಸಿ ಮಸಾಲಿ ದೋಸಿ" ಎಂದು ಒದರುತ್ತಿದ್ದೆ. ಅವ್ವ ಬಹಳ ಯೋಚನೆ ಮಾಡಿದವಳಂತೆ ಹಿಟ್ಟಿನ ಕೈ ಗಲ್ಲಕ್ಕಿಟ್ಟು, "ನನಗ ಮಸಾಲಿ ದೋಸಿನ ತಾರಪ್ಪ, ತುಪ್ಪ ಜಾಸ್ತಿ ಹಾಕು" ಎನ್ನುತ್ತಿದ್ದಳು. ಪ್ರತಿ ಸಲವೂ ಅದನ್ನೇ ಕೇಳುತ್ತಿದ್ದಳು. ಪಡಸಾಲೆಯಲ್ಲಿ ಕೂತ ಅಪ್ಪನಿಗೆ ಇದೆಲ್ಲ ಕೇಳಿಸುತ್ತಿತ್ತು. ಗಂಡ ಉಣ್ಣದೆ ಅವ್ವ ಬಾಯಿಗೆ ಏನೂ ಹಾಕುತ್ತಿರಲಿಲ್ಲವಾದ್ದರಿಂದ, ಹೊಟ್ಟೆ ಬಿರಿಯುತ್ತಿದ್ದರೂ ಅಪ್ಪ ತಲೆ ತಗ್ಗಿಸಿ ಬಂದು ಅರ್ಧ ರೊಟ್ಟಿ ತಿಂದು ಏಳುತ್ತಿದ್ದ. ಆಮೇಲೆ ಅವಳ ಊಟ.

ಒಂದು ಸಲ ಬಳ್ಳಾರಿಯ ಚಿಕ್ಕಮ್ಮನನ್ನು ರೈಲು ಹತ್ತಿಸಲು ಅವ್ವನೂ ನಮ್ಮ ಜೊತೆ ಹೊಸಪೇಟೆಗೆ ಬಂದಳು. ರೈಲು ಹೋದ ಮೇಲೆ ಅಪ್ಪ ಗಾಡಿಯನ್ನು ಊರ ದಾರಿಗೆ ತಿರುಗಿಸದೆ ಹೋಟೆಲಿನ ಕಿಟಕಿಯ ಬದಿಗೆ ನಿಲ್ಲಿಸಿದ. ಹೆಂಡತಿಯ ಜೊತೆ ನೇರ ಮಾತಾಡಲು ನಾಚುವ ಮನುಷ್ಯ, "ಗಿರಿಜಾ, ಗಾಡಿ ಪರದಿ ಇಳಿಬಿಡು. ನಿಮ್ಮವ್ವಗ ಇಲ್ಲೇ ತರಸ್ತೀನಿ. ನಾ ಒಳಗ ಕುಂತು ತಿಂತೀನಿ, ಆಕಿನೂ ತಿನ್ನಲಿ" ಎಂದ. ಮಾಣಿ ಬಾಳೆಎಲೆಯಲ್ಲಿ ದೋಸೆ ತಂದುಕೊಟ್ಟ. ಅವ್ವ ಎಲೆಯನ್ನು ಮಡಿಲಲ್ಲಿಟ್ಟುಕೊಂಡಳು. ತುಪ್ಪದ ಘಮ ಗಾಡಿಯ ತುಂಬ ಹಬ್ಬಿತು. ಅವಳ ಮುಖ ಅಷ್ಟು ಎಳೆಯದಾಗಿ ಕಂಡದ್ದನ್ನು ನಾನು ಮತ್ತೆಂದೂ ನೋಡಲಿಲ್ಲ.

ಅಷ್ಟರಲ್ಲಿ ಕಂಪ್ಲಿಯ ಹಿರಿಯ ಸಾಹುಕಾರರೊಬ್ಬರು ಒಳಗೆ ಅಪ್ಪನ ಎದುರಿಗೇ ಬಂದು ಕೂತರು. "ಏನಪ, ಒಬ್ಬನ ಬಂದೀಯೇನು?" ಎಂದರು. ಹೆಂಡತಿಯನ್ನು ಹೋಟೆಲಿಗೆ ಕರೆತಂದೆ ಎಂದು ಹೇಳುವುದು ಆ ಕಾಲದಲ್ಲಿ ಸಣ್ಣ ಮಾತಲ್ಲ. ಅಪ್ಪ, "ಹೂನ್ರಿ, ಒಬ್ಬನ" ಎಂದ. ಕಿಟಕಿ ಎಷ್ಟು ಹತ್ತಿರವಿತ್ತೆಂದರೆ ಅವರು ಲೋಟ ಇಟ್ಟ ಸದ್ದೂ ನಮಗೆ ಕೇಳುತ್ತಿತ್ತು. ಅವ್ವ ಮಡಿಲಿನ ಎಲೆಯ ಮೇಲೆ ಸೆರಗು ಮುಚ್ಚಿದಳು. ಸ್ವಲ್ಪ ಹೊತ್ತಾದ ಮೇಲೆ, "ಅಪ್ಪ ತಿಂದನೇನು ನೋಡವ್ವ" ಎಂದಳು. ಪರದೆ ಸರಿಸಿ ನೋಡಿದೆ. ಅಪ್ಪನ ಮುಂದೆ ದೋಸೆ ಇಟ್ಟ ಹಾಗೇ ಇತ್ತು. ಸುಳ್ಳು ಹೇಳಿದ ಬಾಯಿಗೆ ತುತ್ತು ಇಡಲಾಗದೆ ಸುಮ್ಮನೆ ಅದರ ಅಂಚು ಚಿವುಟುತ್ತ ಕೂತಿದ್ದ. "ಇನ್ನೂ ಇಲ್ಲ" ಎಂದೆ. ಅವ್ವ ಮತ್ತೆ ಕೇಳಿದಳು. ಮತ್ತೆ ಅದನ್ನೇ ಹೇಳಿದೆ. ದೋಸೆ ಆರಿ ಮೆತ್ತಗಾಯಿತು. ಸಾಹುಕಾರರು ಎದ್ದು ಅಪ್ಪನ ಹೆಗಲ ಮೇಲೆ ಕೈ ಹಾಕಿಕೊಂಡು ಹೊರಗೆ ಬರುವುದು ಕಂಡಾಗ ಅವ್ವ ಎಲೆಯನ್ನು ನನ್ನ ಕಡೆ ಸರಿಸಿ, "ಜಲ್ದಿ ತಿಂದುಬಿಡವ್ವ" ಎಂದಳು. ತಿಂದೆ. ಚಟ್ನಿಯನ್ನೂ ಬಿಡದೆ ಎಲೆ ನೆಕ್ಕಿದೆ. ಊರಿಗೆ ಮರಳುವ ದಾರಿಯುದ್ದಕ್ಕೂ ಅಪ್ಪ ಹಿಂದಕ್ಕೆ ತಿರುಗಲಿಲ್ಲ. ಆಮೇಲೆ ಅವನು ಹೋಟೆಲಿಗೆ ಹೋಗುವುದನ್ನೇ ಬಿಟ್ಟ. ಅವ್ವನೂ ಮಾಣಿಯ ಮಾತು ಎತ್ತಲಿಲ್ಲ.

ಮುಂದೆ ಎಲ್ಲ ಹೋಟೆಲುಗಳಲ್ಲೂ ಹೆಂಗಸರಿಗೆಂದು ಕೋಣೆಗಳಾದವು. ಅಷ್ಟು ದಿನ ಅವ್ವ ಬದುಕಲಿಲ್ಲ. ಕೊನೆಯ ಜ್ವರದಲ್ಲಿ ಮಲಗಿದ್ದ ಅವಳಿಗೆ ನಾನು ಗಂಜಿ ಹಿಡಿದು ಕೂತಿದ್ದೆ. ತುಟಿ ಬಿಗಿದುಕೊಂಡು, "ಅಪ್ಪ ಉಂಡನೇನು ನೋಡವ್ವ" ಎಂದಳು. ಅಪ್ಪ ಬೆಳಗಿನಿಂದ ಏನೂ ಮುಟ್ಟದೆ ಪಡಸಾಲೆಯ ಕಂಬಕ್ಕೆ ಒರಗಿದ್ದ, ನನಗೆ ಕೂತಲ್ಲಿಂದಲೇ ಕಾಣುತ್ತಿತ್ತು. "ಉಂಡ" ಎಂದೆ. ಅವ್ವ ಬಾಯಿ ತೆರೆದು ಗಂಜಿ ಕುಡಿದಳು. ಇಷ್ಟು ಸಣ್ಣ ಮಾತು ಆ ದಿನ ಗಾಡಿಯಲ್ಲಿ ನನಗೆ ಹೊಳೆಯಲಿಲ್ಲ.