ಬರೀ ಜೋಮು

ಐವತ್ತರ ದಶಕದ ಕೊನೆ. ನಾವು ಚಾಮರಾಜಪೇಟೆಯಲ್ಲಿದ್ದೆವು. ಜ್ವರ ಬಂದು ಹೋದಮೇಲೆ ನರಗಳು ಕೆಟ್ಟು ಅಕ್ಕನ ಎರಡೂ ಕಾಲು ಸೋತಿದ್ದವು. ಗೋಡೆ ಹಿಡಿಯದೆ ನಾಲ್ಕು ಹೆಜ್ಜೆ ಇಡಲಾರಳು. ಯಾರು ಕೇಳಿದರೂ ಅಮ್ಮ, "ಬರೀ ಜೋಮು ಕಣ್ರೀ, ಹೋಗ್ಬಿಡತ್ತೆ" ಎನ್ನುತ್ತಿದ್ದಳು. ಆ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಹೆಣ್ಣು ನೋಡುವ ದಿನ ಗಂಡಿನವರು ಬರುವ ಮೊದಲೇ ಅಕ್ಕನನ್ನು ಚಾಪೆಯ ಮೇಲೆ ಕೂರಿಸಿ, ಸೀರೆಯ ನೆರಿಗೆ ಹರಡಿ ಕಾಲು ಮುಚ್ಚಿದರು. ಅವಳು ತರಬೇಕಾದ ಕಾಫಿಯನ್ನು ನಾನು ತಂದೆ. "ನಮ್ಮುಡುಗೀಗೆ ನಾಚ್ಕೆ ಜಾಸ್ತಿ" ಎಂದಳು ಅಮ್ಮ. ಗಂಡಿನ ತಾಯಿ ಮೆಚ್ಚಿ ತಲೆದೂಗಿದರು. ಮದುವೆ ಹೊತ್ತಿಗೆ ಎಲ್ಲ ಸರಿಹೋಗುತ್ತದೆಂದು ಅಮ್ಮನ ಎಣಿಕೆ. ಸುಲ್ತಾನ್‌ಪೇಟೆಯಲ್ಲಿ ಲಗ್ನಪತ್ರಿಕೆ ಅಚ್ಚಿಗೂ ಹೋಯಿತು.

ಅಷ್ಟರಲ್ಲಿ ಅಕ್ಕನಿಗೆ ಅಪೆಂಡಿಸೈಟಿಸ್. ಜಟಕಾದಲ್ಲಿ ಆಸ್ಪತ್ರೆಗೆ ಕರೆದೊಯ್ದು ಎತ್ತಿಕೊಂಡೇ ಇಳಿಸಿದೆವು. ಹೊಟ್ಟೆನೋವಿಗೇ ನಡೆಯಲಾರಳೆಂದುಕೊಂಡರು, ಕಾಲಿನ ಬಗ್ಗೆ ಯಾರಿಗೂ ಅನುಮಾನ ಬರಲಿಲ್ಲ. ಸುದ್ದಿ ತಿಳಿದು ಗಂಡಿನ ತಾಯಿಯೂ ಬಂದು ನಿಂತಿದ್ದರು. ಆಪರೇಷನ್ನಿಗೆ ಅರಿವಳಿಕೆ ಕೊಡುವ ಡಾಕ್ಟರು, "ಮೊದ್ಲು ಏನಾದ್ರೂ ಕಾಯ್ಲೆ ಇತ್ತೇನಮ್ಮ? ಕೈಕಾಲು ಸರಿ ಇದ್ಯಾ?" ಎಂದು ಕೇಳಿದರು. ಅಮ್ಮ ಬೀಗಿತಿಯತ್ತ ಒಮ್ಮೆ ನೋಡಿ, "ಬರೀ ಜೋಮು" ಎಂದಳು. ನಾನು ಬಾಯಿ ತೆರೆದೆ. ಅಮ್ಮ ತೋಳು ಜಿಗುಟಿದಳು. ಹೇಡಿಯ ಹಾಗೆ ಮುಚ್ಚಿಕೊಂಡೆ.

ಡಾಕ್ಟರು ಹೊರಗೆ ಬಂದಾಗ ಅವರ ಮುಖ ಬಿಳಿಚಿತ್ತು. ಅಕ್ಕ ಹೋಗಿಬಿಟ್ಟಿದ್ದಳು. ಸ್ನಾಯು ಸಡಿಲವಾಗಲೆಂದು ಕೊಟ್ಟ ಮದ್ದಿಗೆ ಕಾಲುಗಳು ಕೊರಡಿನ ಹಾಗೆ ಸೆಟೆದುಕೊಂಡವಂತೆ. ಹಿಂದೆಯೇ ಎದೆಬಡಿತ ನಿಂತಿತಂತೆ. ಇಂಥದ್ದನ್ನು ಅವರೂ ಕಂಡಿರಲಿಲ್ಲ. ನರ ಕೆಟ್ಟ ಸ್ನಾಯುಗಳು ಆ ಮದ್ದು ತಗುಲಿದರೆ ರಕ್ತಕ್ಕೆ ಪೊಟ್ಯಾಸಿಯಂ ಸುರಿದು ಹೃದಯವನ್ನೇ ನಿಲ್ಲಿಸಬಲ್ಲವೆಂದು ಎಷ್ಟೋ ವರ್ಷದ ಮೇಲೆ ಒಬ್ಬ ವೈದ್ಯರು ನನಗೆ ಹೇಳಿದರು. ಆಗಿನವರಿಗೆ ಅದು ಗೊತ್ತಿರಲಿಲ್ಲ, ನಿಜ. ಗೊತ್ತಿದ್ದರೂ ಏನು ಮಾಡುತ್ತಿದ್ದರು, ನಾವು ಜೋಮು ಎಂದಿದ್ದೆವಲ್ಲ! ನೆನೆದರೆ ಈಗಲೂ ಹಲ್ಲು ಕಡಿಯುತ್ತೇನೆ.

"ಕಾಲು ಒಣಗಿದ ಹಾಗಿದೆ, ಎಷ್ಟು ದಿನದಿಂದ ಹೀಗಿತ್ತು?" ಡಾಕ್ಟರು ಕೇಳಿದರು.

"ಇಲ್ಲ ಸ್ವಾಮಿ, ಚೆನ್ನಾಗೇ ಓಡಾಡ್ತಿದ್ಲು" ಎಂದಳು ಅಮ್ಮ, ಅಳುತ್ತಲೇ.

"ಸುಳ್ಳು! ನಾಲ್ಕು ತಿಂಗ್ಳಿಂದ ಗೋಡೆ ಬಿಟ್ಟು ನಡ್ದೇ ಇಲ್ಲ ಅವ್ಳು!" ನಾನು ಕಿರುಚಿದೆ.

ಗಂಡಿನ ತಾಯಿ ತಿರುಗಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಅಮ್ಮ ನನ್ನ ಕೆನ್ನೆಗೆ ಫಟಾರನೆ ಬಾರಿಸಿದಳು. ಆಮೇಲೆ ಎಳೆದು ತಬ್ಬಿಕೊಂಡು ಕಿವಿಯಲ್ಲಿ ಹೇಳಿದಳು:

"ಬಾಯ್ಮುಚ್ಚೇ. ನಿಂಗೂ ಮದ್ವೆ ಆಗ್ಬೇಕು."