ಮೊದಲ ಚಳಿಗಾಲದ ಅನ್ನ

ಜಪಾನಿನ ಕಾವಾಸಾಕಿಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ಸ್ಟೇಷನ್ ಹಿಂದಿನ ಗಲ್ಲಿಯ ಪುಟ್ಟ ಅಡುಗೆಮನೆಯಲ್ಲಿ ಸತ್ಯವತಿ ಬೇಳೆ ಬೇಯಲು ಇಟ್ಟಿದ್ದಾರೆ. ಅದು ಬೇಯುವವರೆಗೆ ಸ್ಟೂಲಿನ ಮೇಲೆ ಕೂತು ಮಗಳು ನಿಧಿಯ ಶಾಲೆಯ ಪುಸ್ತಕ ಓದುತ್ತಾರೆ: ಅಮೆರಿಕದ ಆರಂಭಕಾಲದ ಇತಿಹಾಸ. ಕುಕ್ಕರ್ ಕೂಗಿದರೆ ಪುಟದ ನಡುವೆ ಕರಿಬೇವಿನ ಕಡ್ಡಿ ಇಟ್ಟು ಏಳುತ್ತಾರೆ.

ಮೈಸೂರಿನ ಸತ್ಯವತಿ ಇಲ್ಲಿಗೆ ಬಂದು ಹನ್ನೆರಡು ವರ್ಷ. ಇಲ್ಲಿನ ಕಂಪನಿಗಳಿಗೆ ಹೊಸದಾಗಿ ಬಂದಿಳಿಯುವ ನಮ್ಮವರಿಗೆ ಮೊದಲ ಚಳಿಗಾಲ ಕಷ್ಟ. ಹಗಲಿರುಳು ತೆರೆದಿರುವ ಕೊಂಬಿನಿ ಅಂಗಡಿಯ ತಣ್ಣನೆ ಅನ್ನದುಂಡೆಯೊಳಗೂ ಮೀನು. ಅಂಥವರಿಗೆ ಬಿಸಿ ಸಾರನ್ನ ಕಳಿಸುವುದು ಇವರ ಕಸುಬು, ದಿನಕ್ಕೆ ನಲವತ್ತು ಡಬ್ಬಿ. ಜ್ವರ ಬಂದು ಮಲಗಿದವರಿಗೆ ತಾವೇ ಸೈಕಲ್ ತುಳಿದು ಗಂಜಿ ಮುಟ್ಟಿಸುತ್ತಾರೆ.

ಬರುವ ಸೋಮವಾರದಿಂದ ಈ ಒಲೆ ಇವರದಲ್ಲ. ಜಪಾನಿನಲ್ಲಿ ಹೊರಗಿನವರಿಗೆ ಜಾಗ ಸಿಗಬೇಕಾದರೆ ಜಾಮೀನು ನಿಲ್ಲುವವರು ಬೇಕು. ನಿಂತದ್ದು ಇಲ್ಲಿನ ಕನ್ನಡ ಸಂಘ. ಬಾಡಿಗೆ ಕರಾರೂ ಸಂಘದ ಹೆಸರಿನಲ್ಲೇ ಆಯಿತು. "ನಮ್ಮೋರೇ ಅಲ್ವಾ, ಯಾರ ಹೆಸರಲ್ಲಿದ್ರೇನು ಅಂದ್ಕೊಂಡೆ," ಎನ್ನುತ್ತಾರೆ ಸತ್ಯವತಿ. ಈಗ ಸಂಘ ಆ ಜಾಗವನ್ನು ದೊಡ್ಡ ಕೇಟರಿಂಗ್ ಕಂಪನಿಗೆ ಒಪ್ಪಿಸಿದೆ. ಸಭೆಯಲ್ಲಿ ಅದಕ್ಕೆ ಒಪ್ಪಿ ಕೈ ಎತ್ತಿದವರಲ್ಲಿ ಹೆಚ್ಚಿನವರು ಇವರ ಗಂಜಿ ಕುಡಿದು ಎದ್ದವರೇ. ಉಂಡ ಮನೆಯ ಜಂತೆ ಎಣಿಸಿದ್ದಾಯಿತು.

ಈ ಬರಹಕ್ಕಾಗಿ ಸಂಘದ ಅಧ್ಯಕ್ಷ ಗಿರಿಧರ್ ಅವರನ್ನು ಕೇಳಿದೆ. "ನಥಿಂಗ್ ಪರ್ಸನಲ್ ಸರ್, ಮೆಜಾರಿಟಿ ಡಿಸಿಷನ್. ಸತ್ಯಕ್ಕ ಯಾವತ್ತಿದ್ರೂ ನಮ್ ಫ್ಯಾಮಿಲೀನೇ," ಎಂದರು. ನನಗೆ ಮೈಯೆಲ್ಲ ಉರಿಯಿತು.

ಸತ್ಯವತಿಗೆ ಉರಿಯುವುದಿಲ್ಲ. ಪುಸ್ತಕ ತೋರಿಸುತ್ತಾರೆ. "ಇದ್ರಲ್ಲೂ ಹಿಂಗೇ. ಹಡಗಲ್ಲಿ ಬಂದೋರು ಮೊದಲ್ನೇ ಚಳೀಲಿ ಸಾಯ್ತಿದ್ರು. ಅಲ್ಲಿನ ಜನ ಮುಸುಕಿನ ಜೋಳ ಕೊಟ್ರು, ಬೆಳೆಯೋದೂ ಹೇಳ್ಕೊಟ್ರು. ಬಂದೋರ ಮಕ್ಕಳ ಕಾಲಕ್ಕೆ ಆ ಜನರ ಜಮೀನೇ ಹೋಯ್ತು. ಕಿತ್ಕೊಂಡೋರೆಲ್ಲ ದೇವ್ರಿಗೆ ಕೈ ಮುಗಿಯೋರೇ." ಕರಿಬೇವಿನ ಕಡ್ಡಿ ಇಟ್ಟು ಪುಸ್ತಕ ಮುಚ್ಚಿ ಹೇಳುತ್ತಾರೆ: "ಕೆಟ್ಟೋರು ಅಂತಲ್ಲ ಕಣ್ರೀ. ತಾನು ಹಸ್ಕೊಂಡು ಅತ್ತಿದ್ದನ್ನ ನೋಡಿದೋರು ಕಣ್ಣೆದುರಿಗಿದ್ರೆ ಮನುಷ್ಯಂಗೆ ತಡ್ಕೊಳ್ಳೋಕಾಗಲ್ಲ."

"ದೆನ್ ಸ್ಟಾಪ್ ಫೀಡಿಂಗ್ ದೆಮ್, ಅಮ್ಮಾ," ಎನ್ನುತ್ತಾಳೆ ಡಬ್ಬಿ ಜೋಡಿಸಲು ಬಂದ ನಿಧಿ.

ನಿನ್ನೆ ವಿಮಾನ ಇಳಿದ ಅಶೋಕ ಎಂಬ ಹೊಸಬನಿಗೂ ಇವತ್ತೊಂದು ಡಬ್ಬಿ ಸಿದ್ಧವಾಗಿದೆ. ಮುಂದೇನು ಎಂದು ಕೇಳುತ್ತೇನೆ. ತಮ್ಮ ಹೆಸರಿನಲ್ಲೇ ಒಂದು ಜಾಗ, ಒಂದೇ ಒಲೆಯದಾದರೂ ಸಾಕು ಎನ್ನುತ್ತಾರೆ.

"ಹಸ್ದು ಬಂದೋರಿಗೆ ಹಾಕ್ದೇ ಇರೋದು ನನ್ ಕೈಲಾಗಲ್ಲ. ಅನ್ನ ಹಾಕ್ತೀನಿ," ಎಂದು ಮುಚ್ಚಳ ಒತ್ತುತ್ತಾರೆ. "ಆ ಜಾಗದ ಬೀಗದಕೈ ಮಾತ್ರ ಯಾರ್ಗೂ ಕೊಡಲ್ಲ."